ಮೊದ್ಲು ಹೇಳು, ಆಮೇಲೆ ಸ್ಲೈಡರ್ ಮುಟ್ಟು

ಒಂದು ಬ್ಯಾಟರಿ, ಎರಡು ಬಲ್ಬು. ಬ್ಯಾಟರಿಯಿಂದ ಹೊರಟ ವಯರು ಮೊದಲ ಬಲ್ಬಿಗೆ ಹೋಗಿ, ಅಲ್ಲಿಂದ ಎರಡನೇದಕ್ಕೆ ಹೋಗಿ, ವಾಪಸ್ ಬ್ಯಾಟರಿಗೆ ಬಂದು ಸೇರ್ತದೆ. ಬೋರ್ಡ್ ಮೇಲೆ ಇಷ್ಟು ಬಿಡಿಸಿ "ಯಾವ ಬಲ್ಬು ಜಾಸ್ತಿ ಬೆಳಗ್ತದೆ?" ಅಂತ ಹತ್ತನೇ ಕ್ಲಾಸಿನ ಮಕ್ಕಳನ್ನ ಕೇಳಿ ನೋಡಿ. ಅಂಕೋಲಾ ಕಾರವಾರ ನಡುವಿನ ನಮ್ಮ ಶಾಲೆಲಿ ಪ್ರತಿ ವರ್ಷ ಅರ್ಧಕ್ಕಿಂತ ಜಾಸ್ತಿ ಕೈ ಮೊದಲ ಬಲ್ಬಿಗೇ ಏಳ್ತವೆ. ಯಾಕೆ ಅಂದ್ರೆ "ಮೊದಲ್ನೇದು ಕರೆಂಟ್ ತಿಂದುಬಿಡ್ತದಲ್ಲ ಅಕ್ಕೋರೇ, ಎರಡನೇದಕ್ಕೆ ಉಳಿದಿದ್ದು ಅಷ್ಟೇ" ಅಂತಾರೆ.

ಇದು ತಪ್ಪು, ಆದ್ರೆ ದಡ್ಡತನದ ತಪ್ಪಲ್ಲ. ಊಟಕ್ಕೆ ಕೂತಾಗ ಪಂಕ್ತಿಯ ಮೊದಲನೆಯವನಿಗೆ ಬಡಿಸಿದ್ದು ಪಾತ್ರೆಲಿ ಕಮ್ಮಿ ಆಗ್ಲೇಬೇಕು, ಆ ಅನುಭವದಿಂದ್ಲೇ ಮಕ್ಕಳು ಯೋಚ್ನೆ ಮಾಡ್ತಾರೆ. ಓಮ್‌ನ ನಿಯಮದ ಲೆಕ್ಕ ಹತ್ತಕ್ಕೆ ಹತ್ತು ಸರಿ ಮಾಡುವ ಹುಡುಗಿನೂ ಈ ಪ್ರಶ್ನೆಗೆ ಮೊದಲ ಬಲ್ಬಿಗೇ ಕೈ ಎತ್ತಿದ್ದು ನಾನೇ ನೋಡಿದೀನಿ, ಅಂದ್ರೆ ಸೂತ್ರ ಒಂದು ಕಡೆ ಕೂತಿದೆ, ತಿಳುವಳಿಕೆ ಇನ್ನೊಂದು ಕಡೆ ಕೂತಿದೆ, ಎರಡೂ ಒಂದನ್ನೊಂದು ಮಾತಾಡಿಸಿಲ್ಲ. ಸಿಮ್ಯುಲೇಶನ್, ಅಂದ್ರೆ ಪ್ರಯೋಗವನ್ನ ಕಂಪ್ಯೂಟರ್ ಪರದೆ ಮೇಲೇ ಮಾಡಿಸೋ ಸಾಫ್ಟ್‌ವೇರ್ ಎಲ್ಲಿ ಉಪಯೋಗಕ್ಕೆ ಬರ್ತದೆ, ಅದರ ಹೊಟ್ಟೆಯೊಳಗೆ ಏನು ನಡೀತದೆ, ಎಲ್ಲಿ ಅದನ್ನ ನಂಬಬಾರದು ಅಂತ ಹೇಳೋಕೆ ಈ ಬಲ್ಬುಗಳೇ ಸಾಕು.

ನಾವು ಬಳಸೋದು ಫೆಟ್ ಅಂತ, ಅಮೆರಿಕದ ಕೊಲೊರಾಡೊ ಯೂನಿವರ್ಸಿಟಿಯವರದ್ದು. ಪರಮಾಣುಗಳನ್ನ ಅತೀ ತಣ್ಣಗೆ ಮಾಡಿದ ಕೆಲಸಕ್ಕೆ 2001ರಲ್ಲಿ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಅನ್ನೋ ಭೌತವಿಜ್ಞಾನಿ 2002ರಲ್ಲಿ ಇದನ್ನ ಶುರು ಮಾಡಿದ್ರು. ದುಡ್ಡು ಕೊಡೋದು ಬೇಡ, ಕೆಲವು ಕನ್ನಡದಲ್ಲೂ ಸಿಗ್ತವೆ. ಅದರಲ್ಲಿ ಸರ್ಕ್ಯೂಟ್ ಕಟ್ಟೋದು ಒಂದಿದೆ: ಬ್ಯಾಟರಿ, ಬಲ್ಬು, ವಯರು, ಸ್ವಿಚ್ಚು ಎಲ್ಲಾ ಪಕ್ಕದ ಪೆಟ್ಟಿಗೆಲಿ ಇರ್ತವೆ, ಎಳೆದು ತಂದು ಜೋಡಿಸೋದು. ಜೋಡಣೆ ಪೂರ್ತಿ ಆದ ಕೂಡ್ಲೇ ವಯರೊಳಗೆ ನೀಲಿ ಗುಂಡುಗಳು ಸಾಲಾಗಿ ಹರಿಯೋಕೆ ಶುರುವಾಗ್ತವೆ, ಅವು ಎಲೆಕ್ಟ್ರಾನ್.

9 ವೋಲ್ಟಿನ ಬ್ಯಾಟರಿ, 10 ಓಮ್‌ನ ಒಂದು ಬಲ್ಬು ಹಾಕಿದ್ರೆ ಕರೆಂಟ್ ಅಳೆಯೋ ಅಮ್ಮೀಟರ್ 0.9 ಆಂಪಿಯರ್ ತೋರಿಸ್ತದೆ. ಸರಣಿಲಿ ಇನ್ನೊಂದು ಬಲ್ಬು ಸೇರಿಸಿದ್ರೆ 0.45. ಇಲ್ಲಿ ಮಕ್ಕಳ ಕೈಗೆ ಮೌಸ್ ಕೊಡ್ತೀನಿ: ಅಮ್ಮೀಟರನ್ನ ಮೊದಲ ಬಲ್ಬಿನ ಹಿಂದೆ ಇಡಿ, ಎರಡರ ಮಧ್ಯೆ ಇಡಿ, ಕೊನೆಗೆ ಇಡಿ. ಮೂರೂ ಕಡೆ 0.45. ನೀಲಿ ಗುಂಡುಗಳೂ ಮೂರೂ ಕಡೆ ಒಂದೇ ಸ್ಪೀಡಲ್ಲಿ ಹೋಗ್ತವೆ, ಒಂದೂ ಎಲ್ಲೂ ಕಳೆದುಹೋಗೋದಿಲ್ಲ. ಎರಡು ಬಲ್ಬೂ ಒಂದೇ ತರ ಮಂದ. ಆ ಕ್ಷಣ ಕ್ಲಾಸಲ್ಲಿ ಒಂದು ಮೌನ ಬರ್ತದೆ, ಅದು ನನಗೆ ತುಂಬಾ ಇಷ್ಟ, ಯಾಕಂದ್ರೆ ತಾವೇ ಕೈ ಎತ್ತಿ ಹೇಳಿದ ಮಾತು ತಮ್ಮ ಕಣ್ಣೆದುರೇ ಸುಳ್ಳಾಗಿದ್ದನ್ನ ಅವರು ಒಳಗೇ ಕೂತು ಸರಿಮಾಡಿಕೊಳ್ತಾ ಇರ್ತಾರೆ. ಬಲ್ಬು ತಗೊಳ್ಳೋದು ಶಕ್ತಿಯನ್ನ, ಕರೆಂಟನ್ನಲ್ಲ. ಈ ವಾಕ್ಯ ಪಾಠದ ಶುರುವಿಗೇ ಹೇಳಿದ್ರೆ ಬರ್ಕೊಂಡು ಮರೀತಾರೆ, ಈಗ ಹೇಳಿದ್ರೆ ಕೂತ್ಕೊಳ್ತದೆ.

"ನಿಜವಾದ ಬಲ್ಬೇ ತಂದು ತೋರಿಸಬಹುದಲ್ಲ" ಅಂತ ಕೇಳ್ತೀರಿ. ತೋರಿಸ್ತೀನಿ, ಆದ್ರೆ ಆಮೇಲೆ. ಟಾರ್ಚಿನ ಎರಡು ಬಲ್ಬು ತಂದ್ರೆ ಎರಡೂ ತದ್ವತ್ ಒಂದೇ ತರ ಇರೋದಿಲ್ಲ, ಫಿಲಮೆಂಟ್ ಬಿಸಿಯಾದ ಹಾಗೆ ರೋಧ (ಕರೆಂಟಿಗೆ ಒಡ್ಡೋ ತಡೆ) ಏರ್ತದೆ, ಹಳೇ ಸೆಲ್ ಆದ್ರೆ ಅದರೊಳಗಿನ ರೋಧ ಬೇರೆ, ಕಚ್ಚು ಸಡಿಲ ಇದ್ರೆ ಮಿಣಮಿಣ. ಒಂದು ಬಲ್ಬು ಸ್ವಲ್ಪ ಮಂಕಾದ್ರೆ ಸಾಕು, "ನೋಡಿ ಅಕ್ಕೋರೇ, ತಿಂತು" ಅಂತಾರೆ! ನಿಜವಾದ ವಸ್ತುಲಿ ಹತ್ತು ಕಾರಣ ಒಟ್ಟಿಗೆ ಕೆಲಸ ಮಾಡ್ತಾ ಇರ್ತವೆ, ಹೊಸದಾಗಿ ಕಲಿಯೋರಿಗೆ ಯಾವುದು ಮುಖ್ಯ ಯಾವುದು ಅಲ್ಲ ಅಂತ ಬಿಡಿಸಿ ನೋಡೋಕಾಗೋದಿಲ್ಲ. ಸಿಮ್ಯುಲೇಶನ್ ಒಂಬತ್ತನ್ನ ಸುಮ್ಮನಿರಿಸಿ ಒಂದನ್ನ ಮಾತ್ರ ತೋರಿಸ್ತದೆ. ಕೊಲೊರಾಡೊದಲ್ಲೇ ಇದನ್ನ ಪರೀಕ್ಷೆ ಮಾಡಿ 2005ರಲ್ಲಿ ಬರೆದಿದ್ದಾರೆ. ಒಂದಷ್ಟು ವಿದ್ಯಾರ್ಥಿಗಳಿಗೆ ನಿಜವಾದ ಬಲ್ಬು ವಯರು ಕೊಟ್ರು, ಇನ್ನೊಂದಷ್ಟು ಜನಕ್ಕೆ ಬರೀ ಕಂಪ್ಯೂಟರ್ ಕೊಟ್ರು, ಆಮೇಲೆ ಇಬ್ಬರಿಗೂ ನಿಜವಾದ ಸರ್ಕ್ಯೂಟ್ ಕಟ್ಟಿ ವಿವರಿಸೋಕೆ ಹೇಳಿದ್ರು. ಕಂಪ್ಯೂಟರಲ್ಲಿ ಕಲಿತವರೇ ಮುಂದೆ ಬಂದ್ರು, ಕಟ್ಟೋದ್ರಲ್ಲೂ, ಕಾರಣ ಹೇಳೋದ್ರಲ್ಲೂ. ಇದನ್ನ ಓದಿ ಲ್ಯಾಬ್ ಮುಚ್ಚಬಹುದು ಅಂತ ಯಾರಾದ್ರೂ ತೀರ್ಮಾನ ಮಾಡಿದ್ರೆ ನನಗೆ ಬೇಜಾರಾಗ್ತದೆ, ಆ ಪರೀಕ್ಷೆ ಕೊನೆಯಾಗಿದ್ದು ನಿಜವಾದ ವಯರಿನ ಮೇಲೇ ಅನ್ನೋದನ್ನ ಮರೀಬಾರದು.

ಆ ನೀಲಿ ಗುಂಡುಗಳ ಬಗ್ಗೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇಲ್ಲಿ ಹೇಳ್ಲೇಬೇಕು. "ಇವು ಇಷ್ಟು ನಿಧಾನ ಹೋಗ್ತವಲ್ಲ, ಮನೇಲಿ ಸ್ವಿಚ್ ಒತ್ತಿದ ಕೂಡ್ಲೇ ಲೈಟ್ ಹೆಂಗೆ ಹತ್ತತದೆ?" ಎಂಥ ಒಳ್ಳೇ ಪ್ರಶ್ನೆ ನೋಡಿ. ನಿಜ ಏನಂದ್ರೆ ಎಲೆಕ್ಟ್ರಾನು ಪರದೆ ಮೇಲಿನದಕ್ಕಿಂತಲೂ ನಿಧಾನ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವಯರಲ್ಲಿ 1 ಆಂಪಿಯರ್ ಹರಿದ್ರೆ ಎಲೆಕ್ಟ್ರಾನ್ ಮುಂದೆ ಸರಿಯೋದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್, ಒಂದು ಮೀಟರ್ ದಾಟೋಕೆ ನಾಲ್ಕು ಗಂಟೆ ಹತ್ತಿರ ಬೇಕು. ನನ್ನ ತವರು ಶಿರಸಿ ಕಡೆ, ಅಲ್ಲಿ ಮನೆಗೆ ಬರೋದು ಅಬ್ಬಿ ನೀರು, ಗುಡ್ಡದ ಮೇಲಿನ ಒರತೆಯಿಂದ ಕರೀ ಪೈಪಿನಲ್ಲಿ ತನ್ನಷ್ಟಕ್ಕೇ ಇಳಿದು ಬರ್ತದೆ. ಅಂಗಳದ ನಲ್ಲಿ ತಿರುಗಿಸಿದ ಕೂಡ್ಲೇ ನೀರು ಬೀಳ್ತದಲ್ಲ, ಅದು ಆಗಷ್ಟೇ ಗುಡ್ಡದಿಂದ ಓಡಿ ಬಂದ ನೀರಲ್ಲ, ಪೈಪ್ ಉದ್ದಕ್ಕೂ ಮೊದಲೇ ತುಂಬಿ ನಿಂತಿದ್ದ ನೀರು. ವಯರೂ ಹಾಗೇ, ಎಲೆಕ್ಟ್ರಾನ್ ಅದರಲ್ಲಿ ಮೊದಲೇ ತುಂಬಿವೆ, ಸ್ವಿಚ್ ಒತ್ತಿದ್ರೆ ಎಲ್ಲಾ ಹೆಚ್ಚುಕಮ್ಮಿ ಒಟ್ಟಿಗೇ ಸರಿಯೋಕೆ ಶುರು. (ಪೈಪ್ ಕತ್ತರಿಸಿದ್ರೆ ನೀರು ಚೆಲ್ತದೆ, ವಯರ್ ಕತ್ತರಿಸಿದ್ರೆ ಕರೆಂಟ್ ಚೆಲ್ಲೋದಿಲ್ಲ, ನಿಂತುಬಿಡ್ತದೆ, ಹಾಗಾಗಿ ಈ ಹೋಲಿಕೆನೂ ಅಲ್ಲಿಗೇ ನಿಲ್ಲಿಸಬೇಕು.)

ಈಗ ಒಳಗಿನ ಸಂಗತಿ. ಮಕ್ಕಳಷ್ಟೇ ಅಲ್ಲ, ಎಷ್ಟೋ ಶಿಕ್ಷಕರೂ ಸಿಮ್ಯುಲೇಶನ್ ಅಂದ್ರೆ ಮೊದಲೇ ಮಾಡಿಟ್ಟ ಕಾರ್ಟೂನ್ ಅಂದ್ಕೊಂಡಿದ್ದಾರೆ. ವಿಡಿಯೋಲಿ ತೆಂಗಿನಕಾಯಿ ಬೀಳೋದು ಮೊದಲೇ ರೆಕಾರ್ಡ್ ಆಗಿದೆ, ನೂರು ಸಲ ಹಾಕಿದ್ರೂ ಅದೇ ಕಾಯಿ ಅದೇ ಜಾಗಕ್ಕೆ. ಸಿಮ್ಯುಲೇಶನ್‌ನಲ್ಲಿ ಕಾಯಿ ಎಲ್ಲಿ ಬೀಳ್ತದೆ ಅಂತ ಎಲ್ಲೂ ಬರೆದಿಟ್ಟಿರೋದಿಲ್ಲ. ನಿಯಮ ಮಾತ್ರ ಬರೆದಿದೆ, ನೀವು ಬಿಟ್ಟ ಕೂಡ್ಲೇ ಅದು ಲೆಕ್ಕ ಮಾಡ್ತಾ ಮಾಡ್ತಾ ಬೀಳಿಸ್ತದೆ. ಆ ಲೆಕ್ಕ ಎಷ್ಟು ಸರಳ ಅಂದ್ರೆ ನಾನು ಒಂಬತ್ತನೇ ಕ್ಲಾಸಿನ ಮಕ್ಕಳ ಹತ್ರ ಬೋರ್ಡ್ ಮೇಲೇ ಮಾಡಿಸಿದೀನಿ.

ಸಮಯವನ್ನ 0.1 ಸೆಕೆಂಡಿನ ತುಂಡು ಮಾಡೋದು. ಪ್ರತಿ ತುಂಡಲ್ಲೂ ಎರಡೇ ಕೆಲಸ. ಒಂದು, ವೇಗಕ್ಕೆ 0.98 ಕೂಡಿಸು (ಬೀಳೋ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರ್/ಸೆಕೆಂಡ್ ಏರ್ತದೆ ಅಂದ್ರೆ ಹತ್ತನೇ ಒಂದು ಸೆಕೆಂಡಿಗೆ 0.98). ಎರಡು, ಆ ಹೊಸ ವೇಗದಲ್ಲಿ 0.1 ಸೆಕೆಂಡು ಕೆಳಗೆ ಸರಿಸು. ಮೊದಲ ಮಗು ಬಂದು ವೇಗ 0.98 ಅಂತ ಬರ್ದು ಕಾಯಿಯನ್ನ 9.8 ಸೆಂಟಿಮೀಟರ್ ಇಳಿಸ್ತು. ಎರಡನೇ ಮಗು ವೇಗ 1.96 ಮಾಡಿ 19.6 ಇಳಿಸ್ತು. ಮೂರನೇದು 29.4. ಹೀಗೆ ಹತ್ತು ಮಕ್ಕಳು ಹತ್ತು ಸಾಲು ಬರೆದು ಕೂಡಿಸಿದಾಗ ಒಂದು ಸೆಕೆಂಡಲ್ಲಿ ಕಾಯಿ ಇಳಿದಿದ್ದು 539 ಸೆಂಟಿಮೀಟರ್. ಪುಸ್ತಕದ ಸೂತ್ರ ಹಾಕಿದ್ರೆ 490. ಕ್ಲಾಸೆಲ್ಲಾ ಲೆಕ್ಕ ತಪ್ಪಿದೆ ಅಂತ ಮತ್ತೆ ಮತ್ತೆ ಕೂಡಿಸ್ತು, ಕೂಡಿಸಿದ್ದು ಸರಿಯಾಗೇ ಇತ್ತು.

ತಪ್ಪಿರೋದು ತುಂಡಿನ ಗಾತ್ರದಲ್ಲಿ. ತುಂಡಿನ ಕೊನೆಯ ವೇಗವನ್ನ ಇಡೀ ತುಂಡಿಗೆ ಹಾಕಿಬಿಟ್ವಿ, ಅದಕ್ಕೇ ಜಾಸ್ತಿ ಬಂತು. ಹಾಗಾದ್ರೆ ತುಂಡಿನ ಶುರುವಿನ ವೇಗ ಹಾಕಿದ್ರೆ? ಆಗ 441, ಕಮ್ಮಿ ಬಂತು. ಹಿಂದಿನ ಬೆಂಚಿನ ಒಬ್ಬಳು ಎರಡನ್ನೂ ಕೂಡಿಸಿ ಅರ್ಧ ಮಾಡಿದ್ಲು: 539 ಮತ್ತು 441, ಒಟ್ಟು 980, ಅರ್ಧ 490. ಸರಿಯಾಗಿ 490! ಆ ಹುಡುಗಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ, ತಾನೇ ಕಂಡುಕೊಂಡಿದ್ದು, ಮುಂದೆ ಪಿಯುಸಿಲಿ ಸಮಾಕಲನ (ಇಂಟಿಗ್ರೇಶನ್) ಅಂತ ಓದುವಾಗ ಇದೇ ವಿಷಯ ಅವಳಿಗೆ ಬೇರೆ ವೇಷದಲ್ಲಿ ಸಿಗ್ತದೆ. ಇನ್ನೊಂದು ದಾರಿ ತುಂಡನ್ನೇ ಸಣ್ಣ ಮಾಡೋದು, 0.01 ಸೆಕೆಂಡಿನ ನೂರು ತುಂಡು ಮಾಡಿದ್ರೆ ಮೊದಲ ವಿಧಾನದಲ್ಲೇ 495ಕ್ಕೆ ಬಂದು ಮುಟ್ತದೆ. ಕಂಪ್ಯೂಟರಿಗೆ ನೂರಾದ್ರೇನು ಸಾವಿರ ಆದ್ರೇನು, ಅದು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸ್ತದೆ, ಪ್ರತಿ ಸಲನೂ ಇಂಥದೇ ಲೆಕ್ಕ ಮಾಡಿ ಕಾಯಿಯನ್ನ ಹೊಸ ಜಾಗದಲ್ಲಿ ಬಿಡಿಸ್ತದೆ, ನಮ್ಮ ಕಣ್ಣಿಗೆ ಅದು ಬಿದ್ದ ಹಾಗೆ ಕಾಣ್ತದೆ. ದೊಡ್ಡ ಸಾಫ್ಟ್‌ವೇರ್‌ಗಳು ಇದಕ್ಕಿಂತ ಜಾಣ ವಿಧಾನ ಬಳಸ್ತವೆ, ಬುಡ ಮಾತ್ರ ಇದೇ.

ಇದು ಗೊತ್ತಾದ ಮಕ್ಕಳು ಇನ್ನೊಂದು ವಿಷಯ ತಾವೇ ಹಿಡೀತಾರೆ. ನಾವು ಬರೆದ ಎರಡು ಸಾಲಲ್ಲಿ ಗಾಳಿ ಅನ್ನೋ ಶಬ್ದವೇ ಇಲ್ಲ. ಹಾಗಾಗಿ ಆ ಲೆಕ್ಕದಲ್ಲಿ ತೆಂಗಿನಕಾಯಿ ಬಿಟ್ರೂ ಅಡಿಕೆ ಹಾಳೆ ಬಿಟ್ರೂ ಒಂದೇ ಹೊತ್ತಿಗೆ ನೆಲ ಮುಟ್ತವೆ. ತೋಟದಲ್ಲಿ ಒಣಗಿದ ಹಾಳೆ ತೇಲ್ತಾ ಓಲಾಡ್ತಾ ಇಳಿಯೋದನ್ನ ನೋಡಿದ ಮಗು "ಇದು ಸುಳ್ಳು" ಅಂತದೆ, ಅನ್ನಲೇಬೇಕು. ಸಿಮ್ಯುಲೇಶನ್‌ಗೆ ಗೊತ್ತಿರೋದು ನಾವು ಹೇಳಿಕೊಟ್ಟಷ್ಟೇ. ಗಾಳಿಯ ತಡೆಯನ್ನ ಇನ್ನೊಂದು ಸಾಲಲ್ಲಿ ಬರೆದ್ರೆ ಹಾಳೆ ನಿಧಾನ ಆಗ್ತದೆ, ಆದ್ರೂ ತೋಟದ ಹಾಳೆಯ ಹಾಗೆ ಓಲಾಡೋದಿಲ್ಲ, ಅದಕ್ಕೆ ಇನ್ನೂ ಹತ್ತು ಸಾಲು ಬೇಕು.

ಇಷ್ಟೆಲ್ಲಾ ಇದ್ರೂ ಸಿಮ್ಯುಲೇಶನ್ ಹಾಕಿದ ಮಾತ್ರಕ್ಕೆ ಪಾಠ ಆಗೋದಿಲ್ಲ. ನಾನು ಎರಡು ತರದ ಕ್ಲಾಸು ನೋಡಿದೀನಿ. ಒಂದರಲ್ಲಿ ಪ್ರೊಜೆಕ್ಟರ್ ಹಾಕಿ ಶಿಕ್ಷಕರೇ ಎಲ್ಲಾ ಒತ್ತಿ ತೋರಿಸ್ತಾರೆ, ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡ್ತಾರೆ, ಅದು ಮತ್ತೆ ವಿಡಿಯೋನೇ ಆಯ್ತು. ಇನ್ನೊಂದರಲ್ಲಿ ಮಕ್ಕಳ ಕೈಗೆ ಕೊಟ್ಟು ಬಿಟ್ಟುಬಿಡ್ತಾರೆ, ಎಲ್ಲಾ ಸ್ಲೈಡರು (ಪರದೆ ಮೇಲೆ ಎಳೆದು ಬೆಲೆ ಹೆಚ್ಚುಕಮ್ಮಿ ಮಾಡೋ ಗುಂಡಿ) ತುದಿಗೆ ಎಳೆದು ಏನಾದ್ರೂ ಸ್ಫೋಟ ಆಗ್ತದಾ ನೋಡ್ತಾರೆ, ಐದು ನಿಮಿಷ ಆಟ ಆಗಿ ಮುಗೀತದೆ. (ಆ ಐದು ನಿಮಿಷ ಕೊಡ್ಲೇಬೇಕು, ಯಾವ ಗುಂಡಿ ಏನು ಮಾಡ್ತದೆ ಅಂತ ಅವರಿಗೆ ಗೊತ್ತಾಗೋದು ಆಗಲೇ.) ನಡುವಿನ ದಾರಿ ನಮ್ಮ ಕ್ಲಾಸಲ್ಲಿ ಒಂದೇ ನಿಯಮ: ಮೊದ್ಲು ಹೇಳು, ಆಮೇಲೆ ಸ್ಲೈಡರ್ ಮುಟ್ಟು. ಏನಾಗ್ತದೆ ಅಂತ ಪಟ್ಟಿಲಿ (ನೋಟ್ ಬುಕ್ಕಲ್ಲಿ) ಒಂದು ಸಾಲು ಬರೀಬೇಕು, ಯಾಕೆ ಅಂತ ಇನ್ನೊಂದು ಸಾಲು ಬರೀಬೇಕು, ಪಕ್ಕದವರ ಹತ್ರ ವಾದ ಮಾಡಬೇಕು, ಆಮೇಲೆ ಒತ್ತೋದು. ಬರೆದಿಟ್ಟ ಮಾತು ಕೈಲಿ ಇದ್ರೆ "ನಾನು ಹಾಗೇ ಅಂದ್ಕೊಂಡಿದ್ದೆ" ಅಂತ ಆಮೇಲೆ ಜಾರಿಕೊಳ್ಳೋಕಾಗೋದಿಲ್ಲ. ತಪ್ಪಾಗಿದ್ರೆ ಅಳಿಸೋ ಹಾಗಿಲ್ಲ, ಪಕ್ಕದಲ್ಲಿ ಏನಾಯ್ತು ಅಂತ ಬರೀಬೇಕು. ಪರೀಕ್ಷೆ ಹತ್ರ ಬಂದಾಗ ಮಕ್ಕಳು ಓದೋದು ಆ ತಪ್ಪಿನ ಸಾಲುಗಳನ್ನೇ.

ಗಣಿತಕ್ಕೆ ಬರೋಣ, ಯಾಕಂದ್ರೆ ಸಿಮ್ಯುಲೇಶನ್ ಅಂದ್ರೆ ವಿಜ್ಞಾನಕ್ಕೆ ಮಾತ್ರ ಅಂತ ಸುಮಾರು ಜನ ಬಿಟ್ಟುಬಿಡ್ತಾರೆ. ಜಿಯೋಜೀಬ್ರಾ ಅಂತ ಇದೆ, ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಸ್ನಾತಕೋತ್ತರ ಓದಿನ ಭಾಗವಾಗಿ ಶುರು ಮಾಡಿದ್ದು, ಇದೂ ಶಾಲೆಗಳಿಗೆ ಉಚಿತ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅನ್ನೋ ಪ್ರಮೇಯ ತಗೊಳ್ಳಿ. ಪುಸ್ತಕದಲ್ಲಿ ಒಂದೇ ಚಿತ್ರ ಇರ್ತದೆ, ಎಬಿ ವ್ಯಾಸ, ಮೇಲೆ ಎಲ್ಲೋ ನಡುವಿಗೆ ಸಿ ಬಿಂದು. ಮಗುವಿನ ಮನಸ್ಸಲ್ಲಿ ಈ ಪ್ರಮೇಯ ಆ ಒಂದು ಚಿತ್ರದ ಬಗ್ಗೆ ಅಂತ ಕೂತುಬಿಡ್ತದೆ, ಚಿತ್ರ ಸ್ವಲ್ಪ ತಿರುಗಿಸಿ ಕೊಟ್ರೆ ಗುರುತೇ ಸಿಗೋದಿಲ್ಲ.

ಜಿಯೋಜೀಬ್ರಾದಲ್ಲಿ ಸಿ ಬಿಂದುವನ್ನ ಬೆರಳಲ್ಲಿ ಹಿಡಿದು ಎಳೀಬಹುದು. ಎಳೆಯೋ ಮೊದ್ಲು ಕೇಳ್ತೀನಿ, ಸಿಯನ್ನ ಬಿ ಹತ್ರ ಹತ್ರ ತಂದ್ರೆ ಕೋನ ಏನಾಗ್ತದೆ? ತ್ರಿಭುಜ ಚಪ್ಪಟೆ ಆಗ್ತಾ ಬರೋದು ಕಣ್ಣಿಗೆ ಕಾಣೋದ್ರಿಂದ "ಸಣ್ಣ ಆಗ್ತದೆ" ಅಂತಾರೆ. ಎಳೆದ್ರೆ 90, 90, 90. ಈಗ ಸಿಯನ್ನ ವೃತ್ತದ ಹಗ್ಗದಿಂದ ಬಿಚ್ಚಿ ಒಳಗೆ ತರ್ತೀವಿ, 90 ದಾಟಿ ಏರ್ತದೆ, ಹೊರಗೆ ಒಯ್ದ್ರೆ 90ರಿಂದ ಇಳೀತದೆ. ಆಗ ಒಬ್ಬ ಹೇಳಿದ್ದು, "ಹಂಗಾದ್ರೆ ಆ ಗೆರೆ ಗಡಿ ಇದ್ದ ಹಾಗೆ, ಒಳಗೆ ಜಾಸ್ತಿ ಹೊರಗೆ ಕಮ್ಮಿ, ಸರಿಯಾಗಿ 90 ಬೇಕಂದ್ರೆ ಗಡಿ ಮೇಲೇ ನಿಲ್ಲಬೇಕು". ವೃತ್ತ ಅಂದ್ರೇನು ಅಂತ ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರೋದಿಲ್ಲ. ಇಷ್ಟಾದ ಮೇಲೂ ಪ್ರಮೇಯದ ಸಾಧನೆ, ಅಂದ್ರೆ ಯಾಕೆ ಹಾಗೆ ಅಂತ ತರ್ಕದಿಂದ ತೋರಿಸೋದು, ಬಿಡಬಾರದು. ಪರದೆ ತೋರಿಸೋದು ದಶಮಾಂಶದ ಒಂದೆರಡು ಸ್ಥಾನದವರೆಗೆ ಅಷ್ಟೇ, 89.9999 ಇದ್ರೂ ಅದು 90 ಅಂತಲೇ ಬರೀತದೆ, ಎಳೆದು ನೋಡಿದ್ದು ನೂರು ಜಾಗ, ಬಿಂದುಗಳಿರೋದು ಲೆಕ್ಕವಿಲ್ಲದಷ್ಟು. ಕೇಂದ್ರದಿಂದ ಸಿಗೆ ಒಂದು ಗೆರೆ ಎಳೀರಿ, ಎರಡು ಸಮದ್ವಿಬಾಹು ತ್ರಿಭುಜ ಸಿಗ್ತವೆ, ಒಂದರಲ್ಲಿ ಎರಡು ಸಮ ಕೋನ, ಇನ್ನೊಂದರಲ್ಲಿ ಎರಡು ಸಮ ಕೋನ, ನಾಲ್ಕೂ ಸೇರಿ 180, ಸಿ ಹತ್ರ ಇರೋದು ಅದರ ಅರ್ಧ, 90. ಎಳೆದು ನೋಡಿದ ಮಗುವಿಗೆ ಈ ಸಾಧನೆ ಉತ್ತರವಾಗಿ ಬರ್ತದೆ, ಯಾಕಂದ್ರೆ "ಯಾಕೆ ಬದಲಾಗ್ತಿಲ್ಲ" ಅನ್ನೋ ಪ್ರಶ್ನೆ ಅದರ ತಲೇಲಿ ಆಗಲೇ ಹುಟ್ಟಿರ್ತದೆ.

ನಿಜವಾದ ವಸ್ತು ಮತ್ತು ಸಿಮ್ಯುಲೇಶನ್ ಎರಡನ್ನೂ ಅಕ್ಕಪಕ್ಕ ಇಡೋಕೆ ಲೋಲಕದಷ್ಟು ಅಗ್ಗದ ಪ್ರಯೋಗ ಇಲ್ಲ. ಒಂದು ಅಡಿಕೆಗೆ ದಾರ ಕಟ್ಟಿ ಕಿಟಕಿ ಸರಳಿಗೆ ತೂಗಿಬಿಟ್ವಿ, ಗಂಟಿಂದ ಅಡಿಕೆಯ ನಡುವಿನವರೆಗೆ ಒಂದು ಮೀಟರ್. ಸ್ವಲ್ಪವೇ ಎಳೆದು ಬಿಟ್ರೆ ಹತ್ತು ಸಲ ತೂಗೋಕೆ 20 ಸೆಕೆಂಡ್, ಲೆಕ್ಕದಲ್ಲೂ ಅಷ್ಟೇ. ಎರಡು ಅಡಿಕೆ ಕಟ್ಟಿದ್ರೂ 20, ಇಲ್ಲೂ ಕ್ಲಾಸಿನ ಊಹೆ ತಪ್ಪಿತ್ತು. ಜಾಸ್ತಿ ಎಳೆದ್ರೆ? 60 ಡಿಗ್ರಿ ಎಳೆದು ಬಿಟ್ಟಾಗ ಮಕ್ಕಳ ಗಡಿಯಾರಗಳು 20ಕ್ಕೂ 21ಕ್ಕೂ ನಡುವೆ ಒಂದೊಂದು ಒಂದೊಂದು ಹೇಳಿದ್ವು, ಜಗಳ ಆಯ್ತು. ಫೆಟ್‌ನ ಲೋಲಕದಲ್ಲಿ ಘರ್ಷಣೆ ಸೊನ್ನೆ ಮಾಡಿ 60 ಡಿಗ್ರಿಗೆ ಬಿಟ್ರೆ ಹತ್ತು ತೂಗಿಗೆ 21.5. ಅಡಿಕೆ ಯಾಕೆ ಅಷ್ಟು ಮುಟ್ಟಲಿಲ್ಲ ಅಂದ್ರೆ ಗಾಳಿಗೆ ಅದರ ತೂಗಾಟ ಪ್ರತಿ ಸಲ ಸಣ್ಣ ಆಗ್ತಾ ಹೋಗ್ತದೆ, ಸಣ್ಣ ಆದಷ್ಟೂ 20ರ ಕಡೆ ಸರೀತದೆ. ಪುಸ್ತಕದಲ್ಲಿ "ಸಣ್ಣ ಕೋನಕ್ಕೆ ಮಾತ್ರ" ಅಂತ ಚಿಕ್ಕ ಅಕ್ಷರದಲ್ಲಿ ಇರೋ ಮಾತಿಗೆ ಅರ್ಥ ಬಂದಿದ್ದು ಆವತ್ತು. ಆಮೇಲೆ ಅದೇ ಲೋಲಕವನ್ನ ಚಂದ್ರನ ಮೇಲೆ ತೂಗಿದ್ವಿ, ಒಂದು ತೂಗಿಗೆ ಸುಮಾರು 5 ಸೆಕೆಂಡ್, ಇದನ್ನಂತೂ ಕಿಟಕಿ ಸರಳಲ್ಲಿ ಮಾಡೋಕೆ ಸಾಧ್ಯವೇ ಇಲ್ಲ.

ಸಲಕರಣೆ ಬಗ್ಗೆ ಕೇಳೋರಿಗೆ ಎರಡು ಮಾತು. ನಮ್ಮ ಕಡೆ ಜೂನ್‌ನಿಂದ ಮಳೆ ಹಿಡಿದ್ರೆ ಮರ ಬಿದ್ದು ಲೈನ್ ಹೋಗೋದು, ನೆಟ್‌ವರ್ಕ್ ಹೋಗೋದು ಎರಡೂ ಮಾಮೂಲಿ. ಫೆಟ್‌ನ ಹೊಸ ಸಿಮ್ಯುಲೇಶನ್‌ಗಳು ಒಂದೊಂದೂ ಒಂದೇ ಫೈಲ್ ಆಗಿ ಡೌನ್‌ಲೋಡ್ ಆಗ್ತವೆ, ಪೆನ್‌ಡ್ರೈವಲ್ಲಿ ಇಟ್ಕೊಂಡ್ರೆ ಇಂಟರ್‌ನೆಟ್ ಇಲ್ದೇ ಬ್ರೌಸರಲ್ಲಿ ತೆರೀತವೆ, ಹಳೇ ಲ್ಯಾಪ್‌ಟಾಪ್ ಆದ್ರೂ ಸಾಕು. ಮೊದಲು ಸುಮಾರಷ್ಟು ಫ್ಲ್ಯಾಶ್ ಅನ್ನೋ ಹಳೇ ತಂತ್ರಾಂಶದಲ್ಲಿ ಇದ್ವು, 2020ರ ಕೊನೆಗೆ ಫ್ಲ್ಯಾಶೇ ನಿಂತುಹೋಯ್ತು, ಹಾಗಾಗಿ ಹಳೇ ಸಿಡಿಲಿ ಇರೋದು ತೆರೀತಿಲ್ಲ ಅಂದ್ರೆ ಲ್ಯಾಪ್‌ಟಾಪಿನ ತಪ್ಪಲ್ಲ, ಹೊಸದನ್ನ ಇಳಿಸ್ಕೊಳ್ಳಿ. ಒಂದೇ ಲ್ಯಾಪ್‌ಟಾಪ್ ಇದ್ರೂ ತೊಂದ್ರೆ ಇಲ್ಲ, ಊಹೆ ಬರೆಯೋದು ವಾದ ಮಾಡೋದು ಪಟ್ಟಿಲಿ ತಾನೇ, ಪರದೆ ಬೇಕಾಗೋದು ಕೊನೆಯ ಎರಡು ನಿಮಿಷಕ್ಕೆ.

ಬರೋ ಸೋಮವಾರ ಸಾಂದ್ರತೆ ಪಾಠ. ಕಾಳಿ ನದಿ ಮೇಲ್ಗಡೆ ಊರಿನ ಮಕ್ಕಳಿಗೆ ಒಂದು ಬಾಟ್ಲಿ ಹೊಳೆ ನೀರು, ಕಡಲ ತಡಿಯವರಿಗೆ ಒಂದು ಬಾಟ್ಲಿ ಸಮುದ್ರದ ನೀರು, ಇನ್ನಿಬ್ಬರಿಗೆ ಮೊಟ್ಟೆ ತರೋಕೆ ಹೇಳಿದೀನಿ. ಸಮುದ್ರದ ನೀರು ಒಂದು ಘನ ಮೀಟರಿಗೆ ಸುಮಾರು 1025 ಕೆಜಿ, ಸಿಹಿ ನೀರು 1000, ಹಾಗಾಗಿ ಎರಡು ಟನ್ ತೂಗೋ ದೋಣಿ ಕಡಲಿಂದ ಹೊಳೆಯೊಳಗೆ ಬಂದ್ರೆ ಸುಮಾರು 49 ಲೀಟರಿನಷ್ಟು ಜಾಸ್ತಿ ಮುಳುಗಬೇಕು. ದೋಣಿ ಅಗಲ ಇರೋದ್ರಿಂದ ಅದು ಬರೀ ಕೆಲವು ಮಿಲಿಮೀಟರ್, ಕಣ್ಣಿಗೆ ಕಾಣೋದಿಲ್ಲ, ಸಿಮ್ಯುಲೇಶನ್‌ನಲ್ಲಿ ದ್ರವದ ಸಾಂದ್ರತೆ ಸರಿಸಿದ್ರೆ ಕಾಣ್ತದೆ. ಮೊಟ್ಟೆ ಬರೀ ಸಮುದ್ರದ ನೀರಲ್ಲಿ ತೇಲ್ತದಾ, ಇನ್ನೂ ಉಪ್ಪು ಹಾಕಬೇಕಾ ಅಂತ ಕ್ಲಾಸಲ್ಲಿ ಈಗಾಗ್ಲೇ ಎರಡು ಪಕ್ಷ ಆಗಿದೆ, ಮೀನುಗಾರರ ಮನೆ ಮಕ್ಕಳೆಲ್ಲಾ ಒಂದು ಕಡೆ. ಪಟ್ಟಿಲಿ ಬರೆಸಿ ಇಟ್ಟಿದೀನಿ.